ಅಪ್‌ಡೇಟ್: ಮೊದಲು ಪಿಡಿಒ, ಕೆಎಎಸ್ ಆಮೇಲೆ

ಬಿಎ ಮುಗಿದ ಮೇಲೆ ನೇರವಾಗಿ ಕೆಎಎಸ್‌ಗೆ (ರಾಜ್ಯ ಆಡಳಿತ ಸೇವೆ) ಓದಲೋ, ಪಿಡಿಒ (ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ) ಹುದ್ದೆಗೆ ಪ್ರಯತ್ನಿಸಲೋ ಎಂದು ಇಲ್ಲಿ ಹಿಂದೆ ಕೇಳಿದ್ದೆ. ರಾಯಚೂರು ಜಿಲ್ಲೆಯ ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಯಾರನ್ನು ಕೇಳಬೇಕು ಅನ್ನೋದೇ ಗೊತ್ತಿರಲಿಲ್ಲ. ಉತ್ತರ ಕೊಟ್ಟ ಎಲ್ಲ ಅಣ್ಣಂದಿರಿಗೂ ಅಕ್ಕಂದಿರಿಗೂ ಧನ್ಯವಾದ.

ಪಿಡಿಒಗೇ ಓದುತ್ತಿದ್ದೇನೆ. ಅಪ್ಪನಿಗೆ ವಯಸ್ಸಾಗುತ್ತಿದೆ, ಮನೆಗೆ ಸಂಬಳ ಬೇಗ ಬೇಕು.

ನೀವು ಹೇಳಿದಂತೆ ಮೊದಲು ಕಾಗದಪತ್ರ ಹಿಡಿದೆ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಸಿಗುವ ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿಗೆ ಅರ್ಜಿ ಹಾಕಿ, ಪಡೆದೂ ಆಯ್ತು. ನಮ್ಮ ಭಾಗದ ಸ್ಥಳೀಯ ವೃಂದದ (ಈ ಭಾಗಕ್ಕೇ ಸೇರಿದ) ಗ್ರೂಪ್ ಸಿ ಹುದ್ದೆಗಳಲ್ಲಿ, ಅಂದರೆ ಪಿಡಿಒ ತರಹದ ಹುದ್ದೆಗಳಲ್ಲಿ, 80% ಇಲ್ಲಿಯವರಿಗೇ ಮೀಸಲು. ಇಷ್ಟು ದೊಡ್ಡ ವಿಷಯವನ್ನು ಕಾಲೇಜಿನಲ್ಲೇ ಹೇಳಬೇಕಿತ್ತು, ಅಲ್ವಾ? ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ, ಹಳ್ಳಿಯಲ್ಲೇ ಓದಿದ್ದಕ್ಕೂ ಮೀಸಲಾತಿ ಇರೋದರಿಂದ ಅದಕ್ಕೂ ಪ್ರಮಾಣಪತ್ರ ಮಾಡಿಸಿದೆ. ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜೂ ಬೇಕು. ಇವನ್ನೆಲ್ಲ ಮಾಡಿಸೋಕೆ ನೇಮಕಾತಿ ಅಧಿಸೂಚನೆ ಬರೋವರೆಗೆ ಕಾಯಬೇಡಿ.

ಓದು ಪಂಚಾಯತ್ ರಾಜ್ ಕಾಯ್ದೆಯಿಂದ ಶುರುವಾಗಿದೆ. ಊರಿನ ಗ್ರಾಮಸಭೆಗೂ ಹೋಗಿ ಕೂತೆ. ನೀರು, ಉದ್ಯೋಗ ಖಾತ್ರಿ ಕೂಲಿ, ಮನೆ ಪಟ್ಟಿ ಎಲ್ಲ ಅಲ್ಲೇ ಚರ್ಚೆಗೆ ಬರುತ್ತೆ. ಈ ಕೆಲಸ ನನಗೆ ನಿಜವಾಗಿಯೂ ಬೇಕು ಅನ್ನಿಸಿದ್ದು ಆಗಲೇ.

ಕೆಎಎಸ್ ಆಸೆ ಬಿಟ್ಟಿಲ್ಲ. ಅದರ ಮುಖ್ಯ ಪರೀಕ್ಷೆಗೆ ಬೇಕಾದ ಪ್ರಬಂಧ ಬರೆಯೋ ಅಭ್ಯಾಸ ಈಗಲೇ ಶುರು ಮಾಡಿದ್ದೇನೆ. ಬರೆದದ್ದನ್ನು ತಿದ್ದಿಕೊಡುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.