ಕೋಲಾರದಿಂದ ಶ್ರೀಲಂಕಾ: ಸಿಗಿರಿಯ, ಅನುರಾಧಪುರ, ಪೊಲೊನ್ನರುವ ಆರು ದಿನದಲ್ಲಿ ಆಗುತ್ತಾ? ಜೊತೆಗೆ ಮಂಡಿನೋವಿನ ಅತ್ತೆ ಇದ್ದಾರೆ

ಅಂತರಗಂಗೆ_ಕೋಲಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಮನೆಮಂದಿಯೆಲ್ಲ ಶ್ರೀಲಂಕಾಕ್ಕೆ ಹೋಗೋದು ಅಂತ ಮಾತಾಗಿದೆ. ನಾವಿಬ್ಬರು, 13 ವರ್ಷದ ಮಗಳು, 8 ವರ್ಷದ ಮಗ, 67 ವರ್ಷದ ಅತ್ತೆ. ಬೀಚು, ಶಾಪಿಂಗು ನಮಗೆ ಬೇಡ. ಹಳೇ ರಾಜಧಾನಿಗಳನ್ನ, ಗುಹೆಗಳನ್ನ ಸಮಾಧಾನವಾಗಿ ನೋಡಬೇಕು. ಅತ್ತೆ ಸಮತಟ್ಟಾದ ಕಡೆ ಅರ್ಧ ಗಂಟೆ ನಡೀತಾರೆ, ಮೆಟ್ಟಿಲು ಮಾತ್ರ ಕಷ್ಟ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಟ್ರಾವೆಲ್ಸ್‌ನವರು ಕೊಟ್ಟಿರೋ ಪ್ಲಾನ್‌ನಲ್ಲಿ ಆರು ದಿನಕ್ಕೆ ಐದು ಹೋಟೆಲ್ ಇವೆ. ದಿನಾ ಪೆಟ್ಟಿಗೆ ಕಟ್ಟೋದೇ ಆಗುತ್ತೇನೋ ಅನ್ನಿಸ್ತಿದೆ. ಎಲ್ಲಿ ಉಳ್ಕೊಂಡ್ರೆ ಒಳ್ಳೇದು? ಸಿಗಿರಿಯದ ಬಂಡೆಕೋಟೆ ಹತ್ತೋಕಾಗದವರು ಕೆಳಗೆ ಏನು ಮಾಡಬಹುದು? ಟಿಕೆಟ್, ಊಟ, ಗಾಡಿ ವಿಷಯದಲ್ಲಿ ಎಲ್ಲಿ ಎಡವಟ್ಟಾಗುತ್ತೆ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ನಂದಿತಪ್ಪಲು:

ಮೇಡಂ, ಐದು ಹೋಟೆಲ್ ಪ್ಲಾನ್ ಮೊದಲು ಬಿಟ್ಟುಬಿಡಿ. ನೀವು ಹೇಳಿದ ಮೂರು ಜಾಗಕ್ಕೂ ನಡುವೆ ಇರೋದು ದಂಬುಲ್ಲ, ಸಿಗಿರಿಯ, ಹಬರಣ. ಈ ಮೂರರಲ್ಲಿ ಒಂದು ಕಡೆ ನಾಲ್ಕು ರಾತ್ರಿ ರೂಮ್ ಹಿಡಿದ್ರೆ ಸಾಕು. ಅಲ್ಲಿಂದ ಪೊಲೊನ್ನರುವ ಒಂದೂವರೆ ಗಂಟೆ ದಾರಿ, ಅನುರಾಧಪುರ ಒಂದೂವರೆಯಿಂದ ಎರಡು. ಬೆಳಗ್ಗೆ ಹೋಗಿ ಸಂಜೆ ಅದೇ ರೂಮಿಗೆ ಬಂದ್ರಾಯ್ತು. ಅತ್ತೆಯವರಿಗೆ ಒಂದು ದಿನ ಆಗಲ್ಲ ಅನ್ನಿಸಿದ್ರೆ ಅಲ್ಲೇ ಉಳೀಬಹುದು. ಇದೇ ದೊಡ್ಡ ಅನುಕೂಲ.

ವಿಮಾನ ನಿಲ್ದಾಣ ಇರೋದು ಕಟುನಾಯಕದಲ್ಲಿ, ಕೊಲಂಬೊ ಊರಿಂದ ಸುಮಾರು 30 ಕಿ.ಮೀ. ಉತ್ತರಕ್ಕೆ. ಹಾಗಾಗಿ ಕೊಲಂಬೊ ಒಳಗೆ ಹೋಗೋದೇ ಬೇಡ. ಇಳಿದ ಕೂಡಲೇ ಕುರುಣೆಗಲ ಮೇಲೆ ದಂಬುಲ್ಲಕ್ಕೆ ಹೊರಡಿ, ನಾಲ್ಕು ಗಂಟೆ ಇಟ್ಕೊಳ್ಳಿ. ದೂರ 150 ಕಿ.ಮೀ. ಒಳಗೇ ಇದ್ರೂ ರಸ್ತೆ ಊರೂರಿನ ನಡುವೆ ಹಾದು ಹೋಗುತ್ತೆ, ನಮ್ಮ ಎನ್‌ಎಚ್ 44ರ ವೇಗದ ಲೆಕ್ಕ ಅಲ್ಲಿ ನಡೆಯಲ್ಲ. ಹಬರಣದ ಸುತ್ತ ಕತ್ತಲಾದ ಮೇಲೆ ಆನೆಗಳು ರಸ್ತೆಗೆ ಬರ್ತವೆ, ಬೆಳಕಿರುವಾಗಲೇ ರೂಮು ಸೇರೋ ಹಾಗೆ ವಿಮಾನ ನೋಡಿಕೊಳ್ಳಿ.

ಸಿಗಿರಿಯಕ್ಕೆ ಗೇಟ್ ತೆಗೆಯೋ ಹೊತ್ತಿಗೇ ನಿಂತಿರಬೇಕು. ಎರಡು ಕಾರಣ. ಒಂಬತ್ತು ಗಂಟೆ ಮೇಲೆ ಬಂಡೆ ಕಾಯುತ್ತೆ, ಜೊತೆಗೆ ಟೂರ್ ಬಸ್ಸುಗಳು ಬಂದು ಕಿರಿದಾದ ಮೆಟ್ಟಿಲಲ್ಲಿ ಸಾಲು ನಿಲ್ಲುತ್ತೆ. ಅಕ್ಟೋಬರಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಜಾಸ್ತಿ, ಬೋಳು ಬಂಡೆ ಮೇಲೆ ಸಿಡಿಲಿಗೆ ಸಿಕ್ಕಿಹಾಕಿಕೊಳ್ಳೋದು ಬೇಡ. ಒಟ್ಟು ಸುಮಾರು 1200 ಮೆಟ್ಟಿಲು, ಹೋಗಿ ಬರೋಕೆ ಮೂರು ಗಂಟೆ. ಮಧುಗಿರಿ ಬೆಟ್ಟ ಹತ್ತಿದ ಮಕ್ಕಳಿಗೆ ಇದು ಏನೂ ಅಲ್ಲ, ಪೂರ್ತಿ ಮೆಟ್ಟಿಲು, ಕಂಬಿ ಇದೆ. ಆದ್ರೆ ಸಿಂಹದ ಪಾದಗಳ ಅಂಗಳ ದಾಟಿದ ಮೇಲೆ ಕಬ್ಬಿಣದ ಮೆಟ್ಟಿಲುಗಳನ್ನ ಬಂಡೆ ಮೈಗೇ ಕೂರಿಸಿದ್ದಾರೆ, ಗಾಳಿ ಜೋರು, ಕೆಳಗಡೆ ಆಳ ಕಾಣುತ್ತೆ. ಎತ್ತರಕ್ಕೆ ಹೆದರೋರು ಅಂಗಳದಲ್ಲೇ ಕೂತು ಕಾಯಬಹುದು. ಮಗನ ಟೋಪಿಗೆ ದಾರ ಕಟ್ಟಿ. ಬಂಡೆಯಲ್ಲಿ ಹೆಜ್ಜೇನಿನ ಗೂಡುಗಳಿವೆ, ಸದ್ದು ಮಾಡಬೇಡಿ ಅಂತ ಫಲಕ ಹಾಕಿರೋದು ಅದಕ್ಕೇ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ಅತ್ತೆಯವರಿಗೆ ಕೆಳಗೂ ನೋಡೋಕಿದೆ. ಪ್ರವೇಶದಿಂದ ಬಂಡೆ ಬುಡದ ತನಕ ನೆಟ್ಟಗೆ ಸಮತಟ್ಟು ದಾರಿ, ಎರಡೂ ಬದಿ ಕೊಳಗಳು, ಕಾಲುವೆಗಳು. ಅಲ್ಲಿನ ಕಲ್ಲಿನ ಕಾರಂಜಿಗಳು ನೀರಿನ ಒತ್ತಡದಿಂದಲೇ ಚಿಮ್ಮುವಂಥವು, ಒಳ್ಳೆ ಮಳೆಗಾಲದಲ್ಲಿ ಇವತ್ತಿಗೂ ನೀರು ಬರುತ್ತೆ. ಐದನೇ ಶತಮಾನದ ಕೆಲಸ ಅದು. ಗೇಟಿನ ಹತ್ತಿರವೇ ಮ್ಯೂಸಿಯಂ ಇದೆ, ಬಿಸಿಲು ಏರಿದ ಮೇಲೆ ಅಲ್ಲಿ ಕೂರಬಹುದು.

ಮೇಲೆ ಹೋಗೋರಿಗೆ ಇನ್ನೊಂದು ಮಾತು. ಅರ್ಧ ದಾರಿಯಲ್ಲಿ ಸುತ್ತು ಮೆಟ್ಟಿಲು ಹತ್ತಿದ್ರೆ ಸಿಗೋ ವರ್ಣಚಿತ್ರಗಳ ಫೋಟೊ ತೆಗೆಯೋ ಹಾಗಿಲ್ಲ. ಅದರ ಪಕ್ಕದ ಕನ್ನಡಿ ಗೋಡೆಯಲ್ಲಿ ಸಾವಿರ ವರ್ಷಕ್ಕೂ ಹಿಂದೆ ಬಂದು ಹೋದವರು ಗೀಚಿದ ಪದ್ಯಗಳಿವೆ, ಮುಟ್ಟಬಾರದು. ಮಗಳಿಗೆ ನಿಂತು ಅಕ್ಷರಗಳನ್ನ ಹುಡುಕೋಕೆ ಹೇಳಿ.

ಕೆರೆಕೋಡಿ:

ಮೇಲಿನವರು ಹೇಳಿದ ದಾರಿ ಸರಿಯಾಗಿದೆ. ನಾನು ಸೇರಿಸೋದು ಪೊಲೊನ್ನರುವ ಮತ್ತು ಕೆರೆಗಳ ವಿಷಯ. ಕೋಲಾರದವರು ಅಲ್ಲಿಗೆ ಹೋಗಿ ಬರೀ ಸ್ತೂಪ ನೋಡಿ ಬಂದ್ರೆ ನಮಗೆ ಹತ್ತಿರದ್ದನ್ನೇ ಬಿಟ್ಟು ಬಂದ ಹಾಗೆ.

ನಿಮ್ಮ ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ಶಾಸನಗಳಿವೆಯಲ್ಲ, ಅದೇ ರಾಜೇಂದ್ರನ ಸೈನ್ಯ 1017ರ ಹೊತ್ತಿಗೆ ಸಿಂಹಳದ ಅರಸ ಐದನೇ ಮಹಿಂದನನ್ನ ಸೆರೆಹಿಡಿದಿತ್ತು. ಅನುರಾಧಪುರ ಬಿಟ್ಟು ಪೊಲೊನ್ನರುವವನ್ನ ರಾಜಧಾನಿ ಮಾಡಿಕೊಂಡಿದ್ದು ಚೋಳರೇ. 1070ರಲ್ಲಿ ವಿಜಯಬಾಹು ಅವರನ್ನ ಓಡಿಸೋ ತನಕ ಅಲ್ಲಿ ಅವರದೇ ಆಳ್ವಿಕೆ. ಆ ಕಾಲದ ಕಲ್ಲು ಗುಡಿ ಒಂದು ಇನ್ನೂ ಪೂರ್ತಿ ನಿಂತಿದೆ: ಎರಡನೇ ಶಿವ ದೇವಾಲಯ ಅಂತ ಫಲಕ ಇರುತ್ತೆ, ಹಳೇ ಹೆಸರು ವಾನವನ್ ಮಾದೇವಿ ಈಶ್ವರಂ. ರಾಜೇಂದ್ರನ ತಾಯಿಯ ಹೆಸರು ಅದು. ಒಳಗೆ ಲಿಂಗ, ಮುಂದೆ ನಂದಿ, ಗೋಡೆಯ ಮೇಲೆ ತಮಿಳು ಶಾಸನ. ಮೆಟ್ಟಿಲು ಇಲ್ಲವೇ ಇಲ್ಲ ಅನ್ನಬಹುದು, ನಿಮ್ಮ ಅತ್ತೆಯವರು ಆರಾಮಾಗಿ ಒಳಗೆ ಹೋಗಿ ಕೈಮುಗಿದು ಬರಬಹುದು. ಮುಖ್ಯ ರಸ್ತೆಯಿಂದ ಬಲಕ್ಕೆ ಒಳಗಿದೆ, ಗುಡಿ ಚಿಕ್ಕದು, ಹಾಗಾಗಿ ಗೈಡುಗಳು, ಡ್ರೈವರುಗಳು ಬಿಟ್ಟು ಹೋಗ್ತಾರೆ. ಬಾಯಿಬಿಟ್ಟು ಕೇಳಿ.

ಪೊಲೊನ್ನರುವದ ಟಿಕೆಟ್ ಸಿಗೋದು ಕೆರೆ ಏರಿ ಪಕ್ಕದ ಮ್ಯೂಸಿಯಮ್ಮಿನಲ್ಲಿ. ಅವಶೇಷಗಳ ಗೇಟಿಗೆ ಸೀದಾ ಹೋದ್ರೆ ವಾಪಸ್ ಕಳಿಸ್ತಾರೆ. ಮೊದಲು ಅದೇ ಮ್ಯೂಸಿಯಂ ಒಂದು ಗಂಟೆ ನೋಡಿ, ಅಲ್ಲಿನ ಮಾದರಿಗಳನ್ನ ನೋಡಿದ್ರೆ ಹೊರಗಿನ ಮುರಿದ ಗೋಡೆಗಳ ಮೇಲೆ ಏನಿತ್ತು ಅನ್ನೋದು ಮಕ್ಕಳಿಗೆ ತಲೆಗೆ ಹತ್ತುತ್ತೆ. ಒಳಗೆ ಗಾಡಿಯಲ್ಲೇ ಒಂದೊಂದು ಗುಂಪಿಗೆ ಹೋಗಿ ಇಳೀಬಹುದು. ಗಲ್ ವಿಹಾರ ಕೊನೆಗೆ: ಒಂದೇ ಬಂಡೆಯಲ್ಲಿ ನಾಲ್ಕು ವಿಗ್ರಹ, ಮಲಗಿರೋ ಬುದ್ಧ ಸುಮಾರು 14 ಮೀಟರ್, ನಿಂತಿರೋದು 7 ಮೀಟರ್. ಮಲಗಿರೋ ಬುದ್ಧನ ತಲೆಯ ಕೆಳಗಿನ ದಿಂಬು ನೋಡಿ, ತಲೆಯ ಭಾರಕ್ಕೆ ತಗ್ಗಿದ ಹಾಗೇ ಕಡೆದಿದ್ದಾರೆ. ಕಲ್ಲಿನ ಸಹಜ ಪಟ್ಟೆಗಳು ಮುಖದ ಮೇಲೆ ಅಲೆಯ ಹಾಗೆ ಹಾದು ಹೋಗ್ತವೆ.

ಈಗ ಕೆರೆ. ಆ ಪ್ರದೇಶವೂ ನಮ್ಮ ಜಿಲ್ಲೆಯ ಹಾಗೆ ಒಣನಾಡೇ, ಒಂದು ಕೆರೆ ಕೋಡಿ ಬಿದ್ರೆ ಮುಂದಿನ ಕೆರೆಗೆ ನೀರು ಹೋಗೋ ಸರಪಳಿ ಅಲ್ಲೂ ಇದೆ. ಪೊಲೊನ್ನರುವದ ಪರಾಕ್ರಮ ಸಮುದ್ರದ ಏರಿ ಸುಮಾರು 14 ಕಿ.ಮೀ. ಉದ್ದ, 12ನೇ ಶತಮಾನದ ಪರಾಕ್ರಮಬಾಹು ಹಳೇ ಕೆರೆಗಳನ್ನ ಕೂಡಿಸಿ ಬೆಳೆಸಿದ್ದು. ಏರಿ ಮೇಲೇ ರಸ್ತೆ ಇದೆ, ಸಂಜೆ ಅತ್ತೆಯವರ ಜೊತೆ ನಡೆಯೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ನಮ್ಮ ಕೆರೆಗಳಲ್ಲಿ ಕಲ್ಲುಕಂಬದ ತೂಬು ಇರುತ್ತಲ್ಲ, ಅವರು ಅದೇ ಕೆಲಸಕ್ಕೆ ಏರಿಯ ಒಳಗೆ ಕಲ್ಲು ಕಟ್ಟಿದ ಚೌಕದ ಬಾವಿ ಮಾಡ್ತಿದ್ರು, ಬಿಸೋಕೊಟುವ ಅಂತಾರೆ. ಆಳದ ಕೆರೆಯಿಂದ ನೀರು ಸೀದಾ ನುಗ್ಗಿದ್ರೆ ತೂಬಿನ ಗೋಡೆ ಕೊರೆದು ಏರಿಯೇ ಕುಸಿಯುತ್ತೆ. ಬಾವಿಯಲ್ಲಿ ಆ ರಭಸ ಮುರಿದು, ಬೇಕಾದಷ್ಟನ್ನೇ ಹೊರಗೆ ಬಿಡ್ತಿದ್ರು. ಅಷ್ಟು ದೊಡ್ಡ ಕೆರೆಗಳನ್ನ ಕಟ್ಟೋಕೆ ಸಾಧ್ಯ ಆಗಿದ್ದೇ ಇದರಿಂದ.

ಅನುರಾಧಪುರಕ್ಕೆ ಹೋಗುವಾಗಲೋ ಬರುವಾಗಲೋ ಕಲಾ ವೆವ ಅನ್ನೋ ಕೆರೆ ಮತ್ತು ಬಂಡೆಯಲ್ಲಿ ಕಡೆದ ಅವುಕನದ ನಿಂತ ಬುದ್ಧ ಸೇರಿಸಿಕೊಳ್ಳಿ, ಎರಡೂ ಪಕ್ಕಪಕ್ಕ. ಕಲಾ ವೆವ ಕಟ್ಟಿಸಿದ ಧಾತುಸೇನ, ಸಿಗಿರಿಯದ ಕಾಶ್ಯಪನ ತಂದೆ. ಅಲ್ಲಿಂದ ಅನುರಾಧಪುರದ ಕೆರೆಗೆ 87 ಕಿ.ಮೀ. ಕಾಲುವೆ, ಕೆಲವು ಕಡೆ ಕಿಲೋಮೀಟರಿಗೆ ಒಂದು ಗೇಣೂ ಇಳಿಜಾರಿಲ್ಲ. ತಂದೆಯನ್ನ ಕೊಂದು ಪಟ್ಟಕ್ಕೇರಿದ ಮಗ ಬಂಡೆ ಮೇಲೆ ಅರಮನೆ ಕಟ್ಟಿದ, 477ರಿಂದ 495ರ ತನಕ ಆಳಿದ. ಈ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಿದ್ರೆ ಮಗಳಿಗೆ ಕಥೆ ಪೂರ್ತಿ ಸಿಗುತ್ತೆ.

ದುರ್ಗದಹಳ್ಳಿ_ತುಮಕೂರು:

ಕಾಗದಪತ್ರ, ಗಾಡಿ, ಊಟ ಮೂರೂ ಹೇಳ್ತೀನಿ.

ಐದೂ ಜನದ ಪಾಸ್‌ಪೋರ್ಟ್ ಈಗಲೇ ತೆಗೆದು ನೋಡಿ, ಹೋಗೋ ದಿನದಿಂದ ಆರು ತಿಂಗಳ ಅವಧಿ ಉಳಿದಿರಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ ಇರೋದು, ಮರೆತುಹೋಗೋದು ಅದೇ. ಮತ್ತೆ, ನಮ್ಮ ಕಡೆ ಹಿರಿಯರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತೆ. ವಿಮಾನದ ಟಿಕೆಟ್ ಫಾರ್ಮಲ್ಲಿ ಅದು ಕಡ್ಡಾಯ ಕೇಳುತ್ತೆ. ತೋಚಿದ ಇನಿಷಿಯಲ್ ತುಂಬಬೇಡಿ, ಒಂದೇ ಹೆಸರಿನವರು ಹೇಗೆ ತುಂಬಬೇಕು ಅಂತ ಆ ವಿಮಾನ ಕಂಪನಿಯವರನ್ನೇ ಕೇಳಿ. ಇಟಿಎ (ಶ್ರೀಲಂಕಾಕ್ಕೆ ಹೋಗೋಕೆ ಆನ್‌ಲೈನಲ್ಲಿ ಪಡೆಯೋ ಪ್ರವೇಶ ಅನುಮತಿ) ಅರ್ಜಿಯಲ್ಲಿ ಪಾಸ್‌ಪೋರ್ಟಲ್ಲಿ ಇರೋ ಹಾಗೇ ಅಕ್ಷರಕ್ಕೆ ಅಕ್ಷರ. ಇಟಿಎಯನ್ನ ಶ್ರೀಲಂಕಾ ಸರ್ಕಾರದ ಸೈಟಲ್ಲೇ ಮಾಡಿ, ಹುಡುಕಿದಾಗ ಮೇಲೆ ಬರೋ ಜಾಹೀರಾತುಗಳು ಅದೇ ಥರ ಕಾಣುತ್ತೆ, ದುಡ್ಡು ಜಾಸ್ತಿ ಕೀಳುತ್ತೆ. ನಿಯಮ, ಶುಲ್ಕ ಬದಲಾಗ್ತಾ ಇರುತ್ತೆ, ಬುಕ್ ಮಾಡೋ ವಾರ ನೋಡಿಕೊಳ್ಳಿ.

ಕೋಲಾರದಿಂದ ಬೆಂಗಳೂರು ಒಳಗೆ ನುಗ್ಗಬೇಡಿ. ವೇಮಗಲ್, ಎಚ್ ಕ್ರಾಸ್, ವಿಜಯಪುರ ಮೇಲೆ ದೇವನಹಳ್ಳಿಗೆ ಬನ್ನಿ. ವಿದೇಶಿ ವಿಮಾನಗಳು ಟರ್ಮಿನಲ್ 2ರಿಂದ.

ಪಾಸ್‌ಪೋರ್ಟ್ ಮೂಲ ಪ್ರತಿ ದಿನಾ ಕೈಯಲ್ಲಿರಲಿ. ಸಿಗಿರಿಯ, ಪೊಲೊನ್ನರುವ, ಅನುರಾಧಪುರದಲ್ಲಿ ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶದವರಿಗೆ ಕಡಿಮೆ ದರ ಇದೆ, ತೋರಿಸದೆ ಇದ್ರೆ ಪೂರ್ತಿ ದರವೇ. ಮಕ್ಕಳ ರಿಯಾಯಿತಿಗೂ ವಯಸ್ಸಿನ ದಾಖಲೆ ಅದೇ. ಹಳೇ ಬರಹಗಳಲ್ಲಿ ಎಲ್ಲ ಜಾಗಕ್ಕೂ ಸೇರಿಸಿ ಒಂದೇ ಟಿಕೆಟ್ ಅಂತ ಇರುತ್ತೆ, ಅದು ನಿಂತುಹೋಗಿದೆ. ಬೆಟ್ಟದ ಮೇಲಿರೋ ದಂಬುಲ್ಲದ ಬೌದ್ಧ ಗುಹಾದೇವಾಲಯಕ್ಕೆ ಟಿಕೆಟ್ ಬುಡದಲ್ಲೇ ತಗೊಳ್ಳಿ, ಮೇಲೆ ಕೊಡಲ್ಲ. ಮೇಲೆ ಹೋಗಿ ಮತ್ತೆ ಇಳಿದು ಬರೋರನ್ನ ಅಲ್ಲಿ ದಿನಾ ನೋಡಬಹುದು.

ಐದು ಜನ ಮತ್ತು ಪೆಟ್ಟಿಗೆಗಳಿಗೆ ಕಾರು ಸಾಲಲ್ಲ, ಅಲ್ಲಿ ಕೆಡಿಎಚ್ ಅಂತ ಕರೆಯೋ ವ್ಯಾನ್ ಕೇಳಿ. ಮಾತಾಡುವಾಗ ದಿನಕ್ಕೆ ಎಷ್ಟು ಕಿ.ಮೀ. ಸೇರಿದೆ, ಮೇಲಿನ ಕಿ.ಮೀ.ಗೆ ಎಷ್ಟು, ಡ್ರೈವರ್ ಊಟ ಮತ್ತು ರಾತ್ರಿ ವಸತಿ ಯಾರದ್ದು, ಟೋಲ್ ಪಾರ್ಕಿಂಗ್ ಸೇರಿದೆಯಾ, ಇಷ್ಟನ್ನೂ ವಾಟ್ಸ್ಆಪಲ್ಲಿ ಬರೆಸಿಕೊಳ್ಳಿ. ಮಸಾಲೆ ತೋಟ, ಹರಳಿನ ಅಂಗಡಿಗೆ ನಿಲ್ಲಿಸೋದು ಬೇಡ ಅಂತ ಮೊದಲ ದಿನವೇ ನಯವಾಗಿ ಹೇಳಿ. ಇಲ್ಲಾಂದ್ರೆ ದಿನಕ್ಕೆ ಎರಡು ಗಂಟೆ ಅಲ್ಲೇ ಹೋಗುತ್ತೆ.

ಊಟ ಕಷ್ಟ ಇಲ್ಲ. ಬೆಳಗ್ಗೆ ಒತ್ತುಶ್ಯಾವಿಗೆ, ಆಪ್ಪ, ತೆಂಗಿನಹಾಲಿನ ಬೇಳೆ. ಮಧ್ಯಾಹ್ನ ಅನ್ನಕ್ಕೆ ನಾಲ್ಕೈದು ಥರ ತರಕಾರಿ. ಸಿಕ್ಕಿಹಾಕಿಕೊಳ್ಳೋದು ಪೋಲ್ ಸಂಬೋಲದಲ್ಲಿ. ನೋಡೋಕೆ ಖಾರದ ತೆಂಗಿನ ಚಟ್ನಿ, ಆದ್ರೆ ಒಣಮೀನಿನ ಪುಡಿ ಹಾಕಿರ್ತಾರೆ, ತರಕಾರಿ ಪಲ್ಯಕ್ಕೂ ಉದುರಿಸ್ತಾರೆ. ಅದಕ್ಕೆ ಉಂಬಲಕಡ ಅನ್ನೋದು. ವೆಜ್ ಅಂದ್ರೆ ಮಾಂಸ ಇಲ್ಲ ಅಂತಷ್ಟೇ ತಿಳ್ಕೋತಾರೆ, "ಉಂಬಲಕಡ ಎಪಾ" ಅಂತ ಹೆಸರು ಹಿಡಿದೇ ಹೇಳಿ, ಬೇಡ ಅಂತ ಅರ್ಥ. ತಮಿಳರ ಸೈವ (ಸಸ್ಯಾಹಾರಿ) ಹೋಟೆಲ್ ಕಂಡ್ರೆ ಯೋಚನೆಯೇ ಬೇಡ, ನಿಮ್ಮ ಕಡೆ ತಮಿಳು ಹೇಗೂ ಬರುತ್ತೆ.

ಅಂತರಗಂಗೆ_ಕೋಲಾರ:

ತುಂಬಾ ಉಪಕಾರ ಆಯ್ತು, ಎಲ್ಲಾ ಬರೆದಿಟ್ಟುಕೊಂಡೆ. ಇನ್ನೆರಡು ಕೇಳ್ತೀನಿ. ಅನುರಾಧಪುರದಲ್ಲಿ ಬರಿಗಾಲಲ್ಲಿ ತುಂಬಾ ನಡೀಬೇಕಂತೆ, ಅತ್ತೆಗೆ ಆಗುತ್ತಾ? ಕೊನೆಗೆ ಕ್ಯಾಂಡಿ ಸೇರಿಸಬೇಕಾ?

ನಂದಿತಪ್ಪಲು:

ಅನುರಾಧಪುರ ಒಂದೇ ದಿನಕ್ಕೆ ಪೂರ್ತಿ ಆಗಲ್ಲ, ಆಯ್ದುಕೊಳ್ಳಿ. ಶ್ರೀ ಮಹಾಬೋಧಿ ಅನ್ನೋ ಪವಿತ್ರ ಅರಳಿಮರ, 1600 ಕಲ್ಲುಕಂಬಗಳ ಲೋವಾಮಹಾಪಾಯ, ರುವನ್ವೆಲಿಸಾಯ ಸ್ತೂಪ ಒಂದೇ ಸಾಲಲ್ಲಿ ಇವೆ, ಒಂದು ಕಿ.ಮೀ. ಒಳಗೆ, ಸಮತಟ್ಟು. ಚಪ್ಪಲಿ, ಟೋಪಿ ಎರಡೂ ಇಲ್ಲ. ಹತ್ತು ಗಂಟೆ ಮೇಲೆ ಹಾಸುಗಲ್ಲು ಸುಡುತ್ತೆ, ಸಾಕ್ಸ್ ಹಾಕಬಹುದು, ದಪ್ಪ ಹತ್ತಿಯದೇ ಇಟ್ಕೊಳ್ಳಿ. ಬೆಳಗ್ಗೆ ಏಳೂವರೆಗೆ ಅಲ್ಲಿದ್ರೆ ಅತ್ತೆಯವರು ನಡುವೆ ಕೂತು ಎದ್ದು ಮುಗಿಸ್ತಾರೆ. ಆಮೇಲೆ ಜೇತವನಾರಾಮ ಸ್ತೂಪ: ಮೂಲದಲ್ಲಿ ಸುಮಾರು 122 ಮೀಟರ್, ಪೂರ್ತಿ ಇಟ್ಟಿಗೆ, ಆ ಕಾಲಕ್ಕೆ ಗೀಜಾದ ದೊಡ್ಡ ಪಿರಮಿಡ್ಡುಗಳನ್ನ ಬಿಟ್ರೆ ಅಷ್ಟು ಎತ್ತರದ ಕಟ್ಟಡ ಇರಲಿಲ್ಲ. ಗಾಡಿಯಲ್ಲೇ ಹತ್ತಿರ ಹೋಗಬಹುದು. ಉಳಿದ ಹೊತ್ತಿದ್ರೆ ಕುಟ್ಟಂ ಪೊಕುಣ ಅನ್ನೋ ಜೋಡಿ ಕೊಳ. ಮಿಹಿಂತಲೆ ಬಿಟ್ಟುಬಿಡಿ, ಅಲ್ಲಿ ಮೆಟ್ಟಿಲೇ ಮೆಟ್ಟಿಲು.

ಹೋಗೋ ದಿನ ಹುಣ್ಣಿಮೆ ಬೀಳದ ಹಾಗೆ ನೋಡಿ. ಹುಣ್ಣಿಮೆ ಅಲ್ಲಿ ಪೋಯ ರಜೆ, ಭಕ್ತರ ಜನಜಂಗುಳಿಯಲ್ಲಿ ಹಿರಿಯರಿಗೆ ನಿಲ್ಲೋಕೂ ಜಾಗ ಸಿಗಲ್ಲ. ಭುಜ, ಮಂಡಿ ಮುಚ್ಚೋ ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆ. ಬುದ್ಧನಿಗೆ ಬೆನ್ನು ಮಾಡಿ ಸೆಲ್ಫಿ ತೆಗೆಯಬಾರದು, ಇದು ಅಲ್ಲಿ ಗಂಭೀರವಾದ ವಿಷಯ.

ಕ್ಯಾಂಡಿ ಬೇಡ ಅನ್ನೋದು ನನ್ನ ಅಭಿಪ್ರಾಯ. ಐದನೇ ದಿನ ಬೆಳಗ್ಗೆ ದಂಬುಲ್ಲ ಗುಹೆ, ಆಮೇಲೆ ವಿಮಾನ ನಿಲ್ದಾಣದ ಹತ್ತಿರ ನೆಗೊಂಬೊದಲ್ಲಿ ರಾತ್ರಿ. ಆರನೇ ದಿನ ಆತುರ ಇಲ್ಲದೆ ವಿಮಾನ ಹತ್ತಬಹುದು.

ಕೆರೆಕೋಡಿ:

ಕ್ಯಾಂಡಿ ವಿಷಯದಲ್ಲಿ ನನ್ನದು ಬೇರೆ ಮಾತು. ದಂಬುಲ್ಲ ಗುಹೆಗೆ ಅತ್ತೆಯವರು ಹತ್ತೋಕಾಗಲ್ಲ. ಬುದ್ಧನ ಹಲ್ಲು ಇಟ್ಟಿರೋ ಕ್ಯಾಂಡಿಯ ದಂತ ಮಂದಿರಕ್ಕೆ ಮೆಟ್ಟಿಲು ಕಡಿಮೆ, ಸಂಜೆ ಪೂಜೆ ನೋಡಿದ್ರೆ ಅವರಿಗೂ ಒಂದು ದಿನ ಸಿಕ್ಕ ಹಾಗೆ. ವಿಮಾನ ಸಂಜೆಯದ್ದಾದ್ರೆ ಕ್ಯಾಂಡಿ, ಬೆಳಗಿನದ್ದಾದ್ರೆ ನೆಗೊಂಬೊ. ಕ್ಯಾಂಡಿಯಿಂದ ನಿಲ್ದಾಣಕ್ಕೆ ಘಟ್ಟದ ರಸ್ತೆ, ನಾಲ್ಕು ಗಂಟೆ ಕೈಯಲ್ಲಿರಬೇಕು.

ಇನ್ನೊಂದು: ಸಿಗಿರಿಯದಲ್ಲಿ ಇಳಿಯೋ ದಾರಿ ಬೇರೆ, ಹೊರಗೆ ಬರೋದು ಬೇರೆ ಪಾರ್ಕಿಂಗಿಗೆ. ನೀವು ಮೇಲಿಂದ ಆ ಕಡೆ ಇಳಿದ್ರೆ ಅತ್ತೆಯವರು ಈ ಕಡೆ ಗೇಟಲ್ಲಿ ಕಾಯ್ತಿರ್ತಾರೆ. ಅವರ ಕೈಗೆ ಒಂದು ಲೋಕಲ್ ಸಿಮ್ ಹಾಕಿದ ಫೋನ್ ಕೊಡಿ. ಮ್ಯೂಸಿಯಂ ಬಾಗಿಲಲ್ಲಿ ಕೂತಿರಲಿ, ನೀವು ಇಳಿಯೋಕೆ ಶುರು ಮಾಡಿದಾಗ ಡ್ರೈವರ್‌ಗೆ ಫೋನ್ ಮಾಡಿದ್ರೆ ಅವನೇ ಅವರನ್ನ ಕರ್ಕೊಂಡು ಆ ಕಡೆ ಪಾರ್ಕಿಂಗಿಗೆ ಬರ್ತಾನೆ.