ಗೀಸರ್ ಕಟೌಟ್ ಪದೇಪದೇ ಬೀಳ್ತಿದೆ, ನಲ್ಲೀಲಿ ಹಬೆ ಬರ್ತಿದೆ

ಪ್ರಶ್ನೆ (ಚಿಕ್ಕಬಳ್ಳಾಪುರ):
15 ಲೀಟರ್ ಗೀಸರ್, 2 ಕಿಲೋವ್ಯಾಟ್, ಬೋರ್‌ವೆಲ್ ನೀರು. ನಾಬ್ 60 ಡಿಗ್ರಿಗಿದ್ದರೂ ನಲ್ಲಿ ತಿರುಗಿಸಿದರೆ ಬುಸ್ ಅಂತ ಹಬೆ, ಆಮೇಲೆ ಕರೆಂಟೇ ಇಲ್ಲ. ಕವರ್ ಬಿಚ್ಚಿ ಕಟೌಟ್ (ಕಾವು ಮೀರಿದರೆ ಕರೆಂಟ್ ಕಡಿಯುವ ಸ್ವಿಚ್) ಗುಂಡಿ ಒತ್ತಿದರೆ ಎರಡು ದಿನ ಸರಿ. ಕಾಯುವಾಗ ಒಳಗೆ ಚಟಪಟ ಸದ್ದು. ಕಟೌಟ್ ಬದಲಾಯಿಸಿದರೆ ಸಾಕಾ?

ಉತ್ತರ 1:
ಕಟೌಟ್ ಸರಿಯಾಗಿದೆ ಸರ್, ಅದೇ ನಿಮ್ಮನ್ನು ಕಾಯ್ತಿರೋದು. ಗುಂಡಿ ಒತ್ತಿ ಒತ್ತಿ ಓಡಿಸಬೇಡಿ. ಅದನ್ನು ಬಿಟ್ಟು ನೇರ ವೈರ್ ಕೊಡ್ತೀನಿ ಅನ್ನೋರನ್ನಂತೂ ಹತ್ತಿರ ಸೇರಿಸಬೇಡಿ, ಟ್ಯಾಂಕ್ ಸಿಡಿಯುತ್ತೆ.

ಚಟಪಟ ಸದ್ದು ಅಂದರೆ ಸುಣ್ಣ ಕಟ್ಟಿದೆ. ನೀರು ಕಾಯಿಸುವ ಎಲಿಮೆಂಟ್ ಪಕ್ಕದಲ್ಲೇ ಥರ್ಮೋಸ್ಟಾಟ್ (ನಾಬ್ ಇಟ್ಟಷ್ಟು ಕಾವಿಗೆ ಕರೆಂಟ್ ನಿಲ್ಲಿಸುವ ಭಾಗ) ಕಡ್ಡಿ ಕೂರುವ ಕೊಳವೆ ಇರುತ್ತೆ. ಅದರ ಮೇಲೂ ಪದರ ಕಟ್ಟಿದರೆ ನೀರು ಕಾದಿದ್ದು ಕಡ್ಡಿಗೆ ತಡವಾಗಿ ಗೊತ್ತಾಗುತ್ತೆ, ಅಷ್ಟರಲ್ಲಿ ಕಾವು ಮೀರಿರುತ್ತೆ.

ಥರ್ಮೋಸ್ಟಾಟನ್ನೂ ನೋಡಿಬಿಡಿ. ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ಖಾತ್ರಿ ಮಾಡಿಕೊಂಡು ಹೊರಗೆ ತೆಗೆಯಿರಿ. ನಾಬ್ ಕನಿಷ್ಠಕ್ಕಿಟ್ಟು, ವೈರ್ ಕೂರುವ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು, ಕಡ್ಡಿ ಮಾತ್ರ ಕುದಿನೀರಲ್ಲಿ ಅದ್ದಿ, ತಲೆ ನೆನೆಯಬಾರದು. ಸ್ವಲ್ಪ ಹೊತ್ತಿಗೆ ಟಿಕ್ ಅಂದು ಮಲ್ಟಿಮೀಟರ್ ಬೀಪ್ ನಿಲ್ಲಬೇಕು. ನಿಲ್ಲದಿದ್ದರೆ ಕಾಂಟ್ಯಾಕ್ಟ್ ಅಂಟಿಕೊಂಡಿದೆ, ಹೊಸದು ಹಾಕಿ. ಕಡ್ಡಿ ಅಷ್ಟೇ ಉದ್ದ, 16 ಆಂಪ್ಸ್‌ದು ಕೇಳಿ.

ಪ್ರಶ್ನೆ ಕೇಳಿದವರು:
ಟಿಕ್ ಅಂತು, ಬೀಪ್ ನಿಂತಿತು. ಹಾಗಾದರೆ ಸುಣ್ಣವೇ. ಬಾತ್‌ರೂಮ್ ತೊಳೆಯೋ ಆಸಿಡ್ ಹಾಕಲಾ ಅಣ್ಣ?

ಉತ್ತರ 2:
ಬೇಡ! ಅದು ಎಲಿಮೆಂಟಿನ ತಾಮ್ರವನ್ನೂ ತಿನ್ನುತ್ತೆ. ದಿನಸಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು, ಲೀಟರ್ ಬಿಸಿನೀರಿಗೆ 50 ಗ್ರಾಂ.

ಎಂಸಿಬಿ ಇಳಿಸಿ, ನೀರು ತಣ್ಣಗಾಗಲು ಬಿಡಿ. ಗೀಸರ್‌ಗೆ ನೀರು ಬರುವ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಟ್ಟು, ತಣ್ಣೀರಿನ ಪೈಪ್ ಬಿಚ್ಚಿ ಟ್ಯಾಂಕ್ ಖಾಲಿ ಮಾಡಿ. ವೈರ್‌ಗಳ ಫೋಟೋ ತೆಗೆದುಕೊಂಡೇ ಫ್ಲ್ಯಾಂಜ್ (ಎಲಿಮೆಂಟ್ ಕೂತಿರುವ ಲೋಹದ ಮುಚ್ಚಳ) ನಟ್ ಬಿಚ್ಚಿ. ಮೊಟ್ಟೆಚಿಪ್ಪಿನಂಥ ಬಿಳಿ ಚಕ್ಕೆ ಉದುರುತ್ತೆ, ಕೆಳಗೆ ಬಕೆಟ್ ಇರಲಿ. ಎಲಿಮೆಂಟನ್ನು ದ್ರಾವಣದಲ್ಲಿ ನೆನೆಹಾಕಿ, ವೈರ್ ಕೂರುವ ತುದಿ ಮಾತ್ರ ಒಣಗಿರಲಿ. ನೊರೆ ನಿಂತ ಮೇಲೆ ಪ್ಲಾಸ್ಟಿಕ್ ಬ್ರಷ್‌ನಲ್ಲಿ ಉಜ್ಜಿ. ಚಾಕುವಿನಲ್ಲಿ ಕೆರೆಯಬೇಡಿ.

ಜೋಡಿಸುವ ಮುಂಚೆ ಅಳೆಯಿರಿ: 2 ಕಿಲೋವ್ಯಾಟ್ ಎಲಿಮೆಂಟ್ ಸುಮಾರು 26 ಓಮ್ ತೋರಿಸಬೇಕು. ತುದಿಗೂ ಲೋಹದ ಮೈಗೂ ನಡುವೆ ಏನೂ ತೋರಿಸಬಾರದು. ತೋರಿಸಿದರೆ ಎಲಿಮೆಂಟ್ ಎಸೆಯಿರಿ, ಶಾಕ್ ಹೊಡೆಯುತ್ತೆ. ಗ್ಯಾಸ್ಕೆಟ್ ಹೊಸದೇ ಹಾಕಿ, ನಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ.

ಉತ್ತರ 3:
ಮೆಗ್ನೀಷಿಯಂ ರಾಡ್ (ಟ್ಯಾಂಕ್ ತುಕ್ಕು ಹಿಡಿಯದಂತೆ ತಾನೇ ಸವೆಯುವ ಕಡ್ಡಿ) ಸವೆದಿದ್ದರೆ ಈಗಲೇ ಬದಲಾಯಿಸಿ, ಹೇಗೂ ಬಿಚ್ಚಿರ್ತೀರಿ. ಬಿಸಿನೀರಿನ ನಲ್ಲೀಲಿ ಗಾಳಿ ಹೋಗಿ ಧಾರೆ ಸರಾಗವಾಗಿ ಬರೋವರೆಗೂ ಸ್ವಿಚ್ ಹಾಕಬೇಡಿ. ಒಣಗಿದ ಎಲಿಮೆಂಟ್ ನೋಡನೋಡುತ್ತಲೇ ಸುಟ್ಟುಹೋಗುತ್ತೆ. ಇನ್ಮೇಲೆ ನಾಬ್ 50ಕ್ಕೇ ಇರಲಿ, ಕಾವು ಹೆಚ್ಚಿದಷ್ಟೂ ಸುಣ್ಣ ಬೇಗ ಕಟ್ಟುತ್ತೆ. ಬೋರ್ ನೀರಿಗೆ ವರ್ಷಕ್ಕೊಮ್ಮೆ ಹೀಗೆ ಬಿಚ್ಚಲೇಬೇಕು.