ಐಪ್ಯಾಡ್ 9ರ ಗ್ಲಾಸ್ ಒಡೆದಿದೆ, ಡಿಸ್‌ಪ್ಲೇ ಚೆನ್ನಾಗಿದೆ: ಬರೀ ಗ್ಲಾಸ್ ಹಾಕಿಸಿದರೆ ಸಾಕೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿರುವುದು ಐಪ್ಯಾಡ್ 9ನೇ ಜನರೇಷನ್, 64 ಜಿಬಿ, ವೈಫೈ ಮಾತ್ರ. ಹಿಂಬದಿಯಲ್ಲಿ ಎ2602 ಎಂದಿದೆ. ಕೆಳಗಿನ ಬಲಮೂಲೆ ನೆಲಕ್ಕೆ ಬಡಿದು ಗ್ಲಾಸ್ ಬಿರಿದಿದೆ, ಬಿರುಕು ಅರ್ಧ ಪರದೆಯವರೆಗೂ ಹೋಗಿದೆ. ಚಿತ್ರದಲ್ಲಿ ಕಲೆ, ಗೆರೆ ಏನೂ ಇಲ್ಲ. ಹೋಮ್ ಬಟನ್ ಬೆರಳಚ್ಚು ತೆಗೆದುಕೊಳ್ಳುತ್ತಿದೆ. ಬಲ ಅಂಚಿನಲ್ಲಿ ಮಾತ್ರ ಟಚ್ ಆಗಾಗ ಕೈಕೊಡುತ್ತದೆ. ಮಗಳು ಇದರಲ್ಲಿ ಆಪಲ್ ಪೆನ್ಸಿಲ್ ಹಿಡಿದು ಚಿತ್ರ ಬಿಡಿಸುತ್ತಾಳೆ, ಹಾಗಾಗಿ ಪೆನ್ಸಿಲ್ ಸರಿಯಾಗಿ ಕೆಲಸ ಮಾಡಲೇಬೇಕು.

ಶಿವಮೊಗ್ಗದಲ್ಲಿ ಎರಡು ಅಂಗಡಿಯಲ್ಲಿ ಕೇಳಿದೆ. ಒಬ್ಬರು ಬರೀ ಗ್ಲಾಸ್ ಬದಲಿಸಿದರೆ ಸಾಕು, 4,500 ಅಂದರು. ಇನ್ನೊಬ್ಬರು ಗ್ಲಾಸ್ ಒಂದೇ ಬರುವುದಿಲ್ಲ, ಪೂರ್ತಿ ಫೋಲ್ಡರ್ (ಗ್ಲಾಸ್, ಡಿಸ್‌ಪ್ಲೇ ಸೇರಿದ ಸೆಟ್) ಹಾಕಬೇಕು, 11,000 ಅಂದರು. ಯಾರು ಹೇಳಿದ್ದು ಸರಿ? ಕೊಡುವ ಮುಂಚೆ ಏನೇನು ಕೇಳಿ ತಿಳಿದುಕೊಳ್ಳಬೇಕು? ಅಲ್ಲಿಯವರೆಗೆ ಹೀಗೇ ಬಳಸಬಹುದಾ?

ಸ್ಟ್ರಿಪ್_ಮತ್ತು_ಗಾಜು

ಮೊದಲನೆಯವರು ಹೇಳಿದ್ದು ಸರಿ. ಈ ಮಾಡೆಲ್‌ನಲ್ಲಿ ಮೇಲಿನ ಗ್ಲಾಸ್ ಬೇರೆ, ಅದರಡಿಯ ಎಲ್‌ಸಿಡಿ, ಅಂದರೆ ಚಿತ್ರ ಮೂಡುವ ಡಿಸ್‌ಪ್ಲೇ, ಬೇರೆ. ಟಚ್ ಪದರ ಗ್ಲಾಸಿನ ಹಿಂಬದಿಗೇ ಅಂಟಿರುತ್ತದೆ, ಎಲ್‌ಸಿಡಿ ನಾಲ್ಕು ಮೂಲೆಯಲ್ಲಿ ಸ್ಕ್ರೂ ಹಾಕಿಸಿಕೊಂಡು ಒಳಗೆ ಪ್ರತ್ಯೇಕವಾಗಿ ಕೂತಿರುತ್ತದೆ. ನಡುವೆ ಸಣ್ಣ ಗಾಳಿಯ ಸಂದು ಇದೆ. ಐಪ್ಯಾಡ್ ಏರ್ 2 ಮತ್ತು ನಂತರದ ಏರ್‌ಗಳು, ಪ್ರೊಗಳು, ಮಿನಿ 4ರಿಂದೀಚೆಗಿನವು ಹೀಗಲ್ಲ. ಅವುಗಳಲ್ಲಿ ಗ್ಲಾಸ್, ಟಚ್, ಡಿಸ್‌ಪ್ಲೇ ಮೂರೂ ಒಂದಕ್ಕೊಂದು ಅಂಟಿ ಒಂದೇ ಹಲಗೆಯಾಗಿರುವುದರಿಂದ ಫೋಲ್ಡರ್ ಹಾಕಬೇಕಾಗುತ್ತದೆ. ಎರಡನೆಯವರು ಬಹುಶಃ ಆ ಲೆಕ್ಕದಲ್ಲಿ ಹೇಳಿರಬಹುದು. ಎ2602 ಅಂತ ಬಾಯಿಬಿಟ್ಟು ಹೇಳಿ ಮತ್ತೊಮ್ಮೆ ಕೇಳಿ. ಆಗಲೂ ಫೋಲ್ಡರೇ ಬೇಕು ಅಂದರೆ ಆ ಅಂಗಡಿಗೆ ಕೊಡಬೇಡಿ.

ಎಲ್‌ಸಿಡಿ ನಿಜವಾಗಿಯೂ ಚೆನ್ನಾಗಿದೆಯೇ ಎಂದು ನೀವೇ ನೋಡಿಕೊಳ್ಳಿ. ಪೂರ್ತಿ ಬಿಳಿ, ಪೂರ್ತಿ ಕಪ್ಪು, ಪೂರ್ತಿ ಕೆಂಪು ಚಿತ್ರಗಳನ್ನು ಒಂದೊಂದಾಗಿ ಪರದೆ ತುಂಬ ತೆರೆದು ಬೆಳಕು ಗರಿಷ್ಠಕ್ಕೆ ಏರಿಸಿ. ಶಾಯಿ ಚೆಲ್ಲಿದಂಥ ಕಲೆ ಅಥವಾ ಅಂಚಿನಿಂದ ಅಂಚಿಗೆ ಹೋಗುವ ಗೆರೆ ಕಂಡರೆ ಎಲ್‌ಸಿಡಿಗೂ ಏಟಾಗಿದೆ. ಇಲ್ಲದಿದ್ದರೆ ಬರೀ ಗ್ಲಾಸ್. ಟಚ್ ನೋಡಲು ಹೋಮ್ ಸ್ಕ್ರೀನಿನ ಒಂದು ಐಕಾನನ್ನು ಒತ್ತಿ ಹಿಡಿದು, ಬೆರಳೆತ್ತದೆ ಸಾಲುಸಾಲಾಗಿ ಪರದೆಯೆಲ್ಲ ಓಡಾಡಿಸಿ. ಎಲ್ಲಿ ಐಕಾನ್ ಕೈತಪ್ಪುತ್ತದೋ ಅಲ್ಲಿ ಟಚ್ ಸತ್ತಿದೆ. ಮೂಲೆಯಲ್ಲಿ ಹುಟ್ಟಿದ ಬಿರುಕು ದಿನದಿನಕ್ಕೂ ಮುಂದುವರಿಯುತ್ತದೆ, ಸತ್ತ ಪಟ್ಟಿಯೂ ಅಗಲವಾಗುತ್ತದೆ.

ಅಲ್ಲಿಯವರೆಗೆ ಬಳಸುವುದಾದರೆ ಅಗಲದ ಪಾರದರ್ಶಕ ಪ್ಯಾಕಿಂಗ್ ಟೇಪನ್ನು ಇಡೀ ಗ್ಲಾಸಿಗೆ ಹಚ್ಚಿ. ಟಚ್ ಅದರ ಮೇಲೂ ಕೆಲಸ ಮಾಡುತ್ತದೆ, ಚೂರು ಬೆರಳಿಗೆ ನೆಡುವುದಿಲ್ಲ, ಬಿಚ್ಚುವಾಗ ರಿಪೇರಿಯವರಿಗೂ ಗಾಜು ಒಂದಾಗಿ ಎದ್ದುಬರುತ್ತದೆ. ಫೆವಿಕ್ವಿಕ್, ಟೂತ್‌ಪೇಸ್ಟ್ ಹಚ್ಚಬೇಡಿ. ಅಂಟು ಬಿರುಕಿನಲ್ಲಿ ಇಳಿದು ಎಲ್‌ಸಿಡಿ ಮೇಲೆ ಹರಡಿದರೆ ಒಳ್ಳೆಯ ಡಿಸ್‌ಪ್ಲೇಯನ್ನೂ ಕಳೆದುಕೊಳ್ಳುತ್ತೀರಿ. ಒಡೆದ ಗ್ಲಾಸನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಬೇಡ.

ಕೊಪ್ಪಳದ_ಬೆಂಚ್

ಅಂಗಡಿಯವರನ್ನು ಏನು ಕೇಳಬೇಕು ಅಂದಿರಿ. ಬಿಚ್ಚುವಾಗ ಎಲ್ಲೆಲ್ಲಿ ಕೆಡುತ್ತದೆ ಅನ್ನುವುದು ಗೊತ್ತಿದ್ದರೆ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎಲ್ಲಕ್ಕಿಂತ ಮುಖ್ಯ ಹೋಮ್ ಬಟನ್. ಅದರ ಬೆರಳಚ್ಚು ಸೆನ್ಸರ್ ನಿಮ್ಮ ಐಪ್ಯಾಡ್‌ನ ಬೋರ್ಡಿನೊಂದಿಗೆ (ಒಳಗಿನ ಮುಖ್ಯ ಸರ್ಕ್ಯೂಟ್) ಜೋಡಿಯಾಗಿ ಕಾರ್ಖಾನೆಯಿಂದ ಬಂದಿರುತ್ತದೆ. ಬೇರೆ ಬಟನ್ ಹಾಕಿದರೆ ಒತ್ತುವುದು ಕೆಲಸ ಮಾಡುತ್ತದೆ, ಬೆರಳಚ್ಚು ಓದುವುದಿಲ್ಲ. ಹೀಗಾಗಿ ಹಳೆಯ ಗ್ಲಾಸಿನಿಂದ ನಿಮ್ಮದೇ ಬಟನ್ ಬಿಡಿಸಿ ಹೊಸ ಗ್ಲಾಸಿಗೆ ಕೂರಿಸಬೇಕು. ಅದರ ತೆಳ್ಳನೆಯ ಸ್ಟ್ರಿಪ್ (ಪಟ್ಟಿಯಂಥ ಕೇಬಲ್) ಗ್ಲಾಸಿನ ಹಿಂಬದಿಗೆ ಅಂಟಿರುತ್ತದೆ. ಹೀಟ್ ಮಾಡಿ, ಒಂದು ಹನಿ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಬಿಟ್ಟು, ತೆಳುವಾದ ಪ್ಲಾಸ್ಟಿಕ್ ತುಂಡಿನಿಂದ (ಪಿಕ್) ಮೆಲ್ಲಗೆ ಎಬ್ಬಿಸಬೇಕು. ಆತುರಪಟ್ಟು ಎಳೆದರೆ ಹರಿಯುತ್ತದೆ, ಆಮೇಲೆ ಟಚ್ ಐಡಿಯ ಆಸೆ ಬಿಡಬೇಕಾಗುತ್ತದೆ. ಹೊಸ ಗ್ಲಾಸ್ ಜೊತೆಗೇ ಬಟನ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನು ಅನುಕೂಲ ಅಂದುಕೊಳ್ಳಬೇಡಿ. ನೀವು ಕೇಳಬೇಕಾದ ಮೊದಲ ಪ್ರಶ್ನೆ: ನನ್ನ ಬಟನ್ನನ್ನೇ ವರ್ಗಾಯಿಸುತ್ತೀರಾ, ಹರಿದರೆ ಜವಾಬ್ದಾರಿ ಯಾರದು?

ಎರಡನೆಯದು ಬ್ಯಾಟರಿ. ಫೋನುಗಳಲ್ಲಿರುವ ಹಾಗೆ ಸುಲಭವಾಗಿ ಎತ್ತಿ ತೆಗೆಯುವ ಬ್ಯಾಟರಿ ಕನೆಕ್ಟರ್ ಇದರಲ್ಲಿಲ್ಲ. ಬೋರ್ಡಿನ ಅಡಿಯ ಸ್ಪ್ರಿಂಗ್ ಸಂಪರ್ಕದ ಮೂಲಕ ಕರೆಂಟ್ ಹೋಗುತ್ತದೆ. ಒಂದು ಸಣ್ಣ ಸ್ಕ್ರೂ ತೆಗೆದು, ಆ ಸಂಪರ್ಕದ ನಡುವೆ ತೆಳುವಾದ ಪ್ಲಾಸ್ಟಿಕ್ ಬ್ಲಾಕರ್ ತೂರಿಸಿ ಕರೆಂಟ್ ತಪ್ಪಿಸಬೇಕು. ಹೆಚ್ಚು ಬಲ ಹಾಕಿದರೆ ಸ್ಪ್ರಿಂಗ್ ಬಾಗುತ್ತದೆ. ಇದನ್ನು ಮಾಡದೆ ಎಲ್‌ಸಿಡಿ ಕನೆಕ್ಟರ್ ಕಿತ್ತರೆ ಅಥವಾ ಮತ್ತೆ ಕೂರಿಸಿದರೆ ಬ್ಯಾಕ್‌ಲೈಟ್ ಸಾಲಿನ ಫ್ಯೂಸ್ ಸುಡುವ ಅಪಾಯವಿದೆ. ಆಗ ಐಪ್ಯಾಡ್ ಆನ್ ಆಗುತ್ತದೆ, ಶಬ್ದ ಬರುತ್ತದೆ, ಪರದೆ ಮಾತ್ರ ಕಪ್ಪು. ಟಾರ್ಚನ್ನು ಓರೆಯಾಗಿ ಹಿಡಿದರೆ ಚಿತ್ರ ಮಸುಕಾಗಿ ಕಾಣುತ್ತದೆ. ಅಷ್ಟಾದ ಮೇಲೆ ಅಂಗಡಿಯವರು ಡಿಸ್‌ಪ್ಲೇ ಹೋಗಿದೆ ಅಂದರೆ ಒಪ್ಪಬೇಡಿ. ಅದು ಬೋರ್ಡಿನ ಬೆಸುಗೆ ಕೆಲಸ, ಎಲ್‌ಸಿಡಿ ಬದಲಿಸಿದರೆ ಸರಿಹೋಗುವುದಿಲ್ಲ.

ಮೂರನೆಯದು ಶಾಖ. ಅಂಚಿನ ಟೇಪ್ ಸಡಿಲಿಸಲು ಹೀಟ್ ಮ್ಯಾಟ್ ಮೇಲೆ 80 ಡಿಗ್ರಿ ಆಸುಪಾಸಿನಲ್ಲಿ ಕೆಲವು ನಿಮಿಷ ಸಾಕು. ಹೀಟ್ ಗನ್ ಒಂದೇ ಕಡೆ ಹಿಡಿದರೆ ಎಲ್‌ಸಿಡಿ ಮೇಲೆ ಹಳದಿ ಮಚ್ಚೆ ಬೀಳುತ್ತದೆ, ಒಳಗಿನ ಬ್ಯಾಟರಿಗೂ ಒಳ್ಳೆಯದಲ್ಲ. ಬಿಚ್ಚುವ ಮುಂಚೆ ಚಾರ್ಜ್ 25 ಪರ್ಸೆಂಟಿಗಿಂತ ಕೆಳಗಿರಲಿ, ಪಿಕ್ ತಾಗಿ ಬ್ಯಾಟರಿಗೆ ತೂತಾದರೂ ಬೆಂಕಿಯ ತೀವ್ರತೆ ಕಡಿಮೆ. ಪಿಕ್ ಅಂಚಿನ ಕಪ್ಪು ಪಟ್ಟಿಯನ್ನು ದಾಟಿ ಒಳಗೆ ಹೋಗಬಾರದು, ಹೋದರೆ ಎಲ್‌ಸಿಡಿ ಮೇಲೆ ಗೀರು. ಟಚ್ ಸ್ಟ್ರಿಪ್ ಇರುವ ಜಾಗದಲ್ಲಂತೂ ಪಿಕ್ ಆಡಿಸಲೇಬಾರದು.

ಗ್ಲಾಸ್ ಎದ್ದ ಕೂಡಲೇ ಎತ್ತಿ ಪಕ್ಕಕ್ಕಿಡುವಂತಿಲ್ಲ, ಅದರ ಸ್ಟ್ರಿಪ್ ಎಲ್‌ಸಿಡಿಯ ಅಡಿಯಲ್ಲಿ ಬೋರ್ಡಿಗೆ ಸಿಕ್ಕಿಕೊಂಡಿರುತ್ತದೆ. ಗ್ಲಾಸನ್ನು ಪುಸ್ತಕದ ಹಾಳೆಯಂತೆ ಮಗುಚಿ, ಎಲ್‌ಸಿಡಿಯ ನಾಲ್ಕು ಸ್ಕ್ರೂ ತೆಗೆದು ಅದನ್ನೂ ಮೆತ್ತನೆ ಬಟ್ಟೆಯ ಮೇಲೆ ಮುಖ ಕೆಳಗಾಗಿ ಮಲಗಿಸಿ, ಬ್ಯಾಟರಿ ತಪ್ಪಿಸಿ, ಆಮೇಲೆ ಕನೆಕ್ಟರ್‌ಗಳಿಗೆ ಕೈಹಾಕಬೇಕು. ಈ ಕ್ರಮ ತಪ್ಪಿದರೆ 4,500ರ ಕೆಲಸ 11,000 ದಾಟುತ್ತದೆ.

ನದಿಮೂಲ

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ: ಕೊಡುವ ಮುಂಚೆ ಬ್ಯಾಕಪ್ ಮಾಡಿ. ಕಂಪ್ಯೂಟರಿಗೆ ಜೋಡಿಸಿ ಮಾಡಿಕೊಳ್ಳುವುದು ಲೇಸು, ಐಕ್ಲೌಡ್‌ನ ಉಚಿತ ಜಾಗ 5 ಜಿಬಿ ಮಾತ್ರ. ಬ್ಯಾಕಪ್ಪಿಗೆ ಪಾಸ್‌ವರ್ಡ್ ಹಾಕಿದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಅದರಲ್ಲಿ ಸೇರುತ್ತವೆ.

ಟಚ್ ಇನ್ನೂ ಇರುವಾಗಲೇ ಸೆಟ್ಟಿಂಗ್ಸ್‌ನಲ್ಲಿ ಲಾಕ್ ಆಗಿದ್ದಾಗಲೂ ಯುಎಸ್‌ಬಿ ಸಾಧನ ಒಪ್ಪುವ ಆಕ್ಸೆಸರೀಸ್ ಆಯ್ಕೆಯನ್ನು ಆನ್ ಮಾಡಿಡಿ. ಅದು ಆಫ್ ಇದ್ದರೆ, ಲಾಕ್ ಆಗಿ ಒಂದು ಗಂಟೆ ದಾಟಿದ ಮೇಲೆ ಯುಎಸ್‌ಬಿ ಸಾಧನಗಳನ್ನು ಅನ್‌ಲಾಕ್ ಮಾಡದೆ ಒಪ್ಪುವುದಿಲ್ಲ. ಆನ್ ಇದ್ದರೆ, ನಾಳೆ ಟಚ್ ಪೂರ್ತಿ ಹೋದರೂ ಲೈಟ್ನಿಂಗ್‌ನಿಂದ ಯುಎಸ್‌ಬಿಗೆ ಹೋಗುವ ಅಡಾಪ್ಟರ್ ಹಾಕಿ ಕೀಬೋರ್ಡ್, ಮೌಸ್‌ನಿಂದ ಕೆಲಸ ನಡೆಸಬಹುದು.

ಪರದೆ ತಾನಾಗಿಯೇ ಒತ್ತಿಕೊಳ್ಳಲು ಶುರುಮಾಡಿದರೆ ತಕ್ಷಣ ಸ್ವಿಚ್ ಆಫ್ ಮಾಡಿ. ಲಾಕ್ ಸ್ಕ್ರೀನಿನಲ್ಲಿ ಪರದೆ ತಾನೇ ತಪ್ಪು ಪಾಸ್‌ಕೋಡ್‌ಗಳನ್ನು ಒತ್ತುತ್ತ ಹೋಗಿ ಕೊನೆಗೆ ಐಪ್ಯಾಡ್ ಲಾಕ್ ಆಗಿಬಿಡುತ್ತದೆ, ಆಮೇಲೆ ಅಳಿಸದೆ ತೆರೆಯಲಾಗುವುದಿಲ್ಲ. ಬ್ಯಾಕಪ್ ಇಲ್ಲದಿದ್ದರೆ ಚಿತ್ರಗಳೆಲ್ಲ ಹೋದವು.

ಪಾಸ್‌ಕೋಡನ್ನು ಚೀಟಿಯಲ್ಲಿ ಬರೆದು ಕೊಡಬೇಡಿ. ವಾಪಸ್ ತೆಗೆದುಕೊಳ್ಳುವಾಗ ನೀವೇ ಒತ್ತಿ ಪರೀಕ್ಷಿಸಿ. ಜಾಬ್ ಶೀಟ್‌ನಲ್ಲಿ ಸೀರಿಯಲ್ ನಂಬರ್, ಬೆರಳಚ್ಚು ಕೆಲಸ ಮಾಡುತ್ತಿದೆ, ಡಿಸ್‌ಪ್ಲೇಯಲ್ಲಿ ಕಲೆಯಿಲ್ಲ ಎಂಬ ಮೂರೂ ಬರೆಸಿಕೊಳ್ಳಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಬಣ್ಣದ ಚಿತ್ರ ತೆರೆದು ನೋಡಿದೆ, ಎಲ್‌ಸಿಡಿ ಸ್ವಚ್ಛವಾಗಿದೆ. ಐಕಾನ್ ಬಲ ಅಂಚಿನಲ್ಲಿ ಬೆರಳಗಲದಷ್ಟು ಜಾಗದಲ್ಲಿ ಕೈತಪ್ಪುತ್ತಿದೆ. ಇನ್ನೆರಡು ಸಂಶಯ. ಬಿದ್ದ ಮೂಲೆಯಲ್ಲಿ ಅಲ್ಯೂಮಿನಿಯಂ ಸ್ವಲ್ಪ ಒಳಗೆ ಜಜ್ಜಿದೆ, ಅದರಿಂದ ತೊಂದರೆಯಾ? ಆಪಲ್‌ನದಲ್ಲದ, ಹೊರಗಿನ ಕಂಪನಿಯ ಗ್ಲಾಸ್ ಹಾಕಿದರೆ ಪೆನ್ಸಿಲ್ ಸರಿಯಾಗಿ ಬರೆಯುತ್ತದಾ?

ಸ್ಟ್ರಿಪ್_ಮತ್ತು_ಗಾಜು

ಜಜ್ಜಿದ ಮೂಲೆಯನ್ನು ಸರಿಮಾಡದೆ ಹೊಸ ಗ್ಲಾಸ್ ಕೂರಿಸಿದರೆ ಆ ಮೂಲೆಯಿಂದಲೇ ಮತ್ತೆ ಒಡೆಯುತ್ತದೆ. ಕೆಲವೊಮ್ಮೆ ಒತ್ತಿ ಅಂಟಿಸುವಾಗಲೇ, ಕೆಲವೊಮ್ಮೆ ವಾರ ಕಳೆದ ಮೇಲೆ ಚೀಲದಲ್ಲಿಟ್ಟಾಗ. ಗ್ಲಾಸ್ ಸುತ್ತ ಕೂದಲೆಳೆಯಷ್ಟಾದರೂ ಸಂದು ಇರಬೇಕು. ಮೂಲೆ ನೇರಮಾಡುವ ಟೂಲ್‌ನಿಂದ ಹೊರಕ್ಕೆ ತಳ್ಳಿ, ಉಳಿದ ಉಬ್ಬನ್ನು ಸಣ್ಣ ಅರದಿಂದ ಉಜ್ಜಬೇಕು. ಉಜ್ಜುವಾಗ ಅಲ್ಯೂಮಿನಿಯಂ ಪುಡಿ ಬೋರ್ಡ್ ಮೇಲೆ ಬೀಳದಂತೆ ಒಳಭಾಗ ಮುಚ್ಚಿರಬೇಕು, ಅದು ಕರೆಂಟ್ ಹರಿಯುವ ಪುಡಿ. ಹೊಸ ಗ್ಲಾಸನ್ನು ಟೇಪ್ ಇಲ್ಲದೆ ಒಮ್ಮೆ ಇಟ್ಟು ನಾಲ್ಕೂ ಕಡೆ ಸಮವಾಗಿ ಕೂರುತ್ತದೆಯೇ ನೋಡಿಯೇ ಮುಂದುವರಿಯಬೇಕು. ಅಂಚಿನಲ್ಲಿ ಹಳೆಯ ಟೇಪು, ಗಾಜಿನ ಚೂರು ಉಳಿದರೂ ಇದೇ ಗತಿ. ಬಹಳ ಅಂಗಡಿಗಳು ಇಲ್ಲಿ ಸಮಯ ಉಳಿಸುತ್ತವೆ, ಮತ್ತೆ ಒಡೆದಾಗ ನೀವೇ ಬೀಳಿಸಿದ್ದು ಅನ್ನುತ್ತವೆ. ಮೂಲೆ ಸರಿಮಾಡಿದ ಮೇಲೆ ಅಂಟಿಸುವ ಮುಂಚೆ ಒಂದು ಫೋಟೊ ಕಳಿಸಿ ಅಂತ ಕೇಳುವುದು ತಪ್ಪಲ್ಲ.

ಪೆನ್ಸಿಲ್ ವಿಷಯ. ಈ ಐಪ್ಯಾಡ್‌ನಲ್ಲಿ ಪೆನ್ಸಿಲ್ ತುದಿಯನ್ನು ಗುರುತಿಸುವುದು ಗ್ಲಾಸಿಗೆ ಅಂಟಿದ ಟಚ್ ಪದರವೇ. ಕಳಪೆ ಗ್ಲಾಸ್‌ನಲ್ಲಿ ಬೆರಳು ಚೆನ್ನಾಗಿ ನಡೆಯುತ್ತದೆ, ಪೆನ್ಸಿಲ್ ಗೆರೆ ಮಾತ್ರ ನಡುಗುತ್ತದೆ. ಆದ್ದರಿಂದ ಪೆನ್ಸಿಲ್ ಜೊತೆಗೇ ಅಂಗಡಿಗೆ ಹೋಗಿ. ನೋಟ್ಸ್ ತೆರೆದು, ಸ್ಕೇಲ್ ಇಟ್ಟು, ಮೂಲೆಯಿಂದ ಮೂಲೆಗೆ ಓರೆಗೆರೆಗಳನ್ನು ತೀರಾ ನಿಧಾನವಾಗಿ ಎಳೆಯಿರಿ. ಬೇಗ ಎಳೆದರೆ ದೋಷ ಕಾಣುವುದಿಲ್ಲ. ಗೆರೆ ಅಲೆಯಲೆಯಾಗಿ ಬಂದರೆ ಆ ಗ್ಲಾಸ್ ಬೇಡ ಅನ್ನಿ. ಈ ಪರೀಕ್ಷೆ ಗ್ಲಾಸ್ ಅಂಟಿಸುವ ಮುಂಚೆಯೇ, ಬರೀ ಕನೆಕ್ಟರ್ ಜೋಡಿಸಿ ಆಗಬೇಕು.

ಇನ್ನೊಂದು: 7, 8, 9ನೇ ಜನರೇಷನ್ ಮೂರೂ 10.2 ಇಂಚು, ನೋಡಲು ಒಂದೇ ಥರ. ಆದರೆ 9ರ ಮುಂದಿನ ಕ್ಯಾಮೆರಾ 12 ಮೆಗಾಪಿಕ್ಸೆಲ್‌ನದು, ಮೊದಲಿನವೆರಡಕ್ಕೆ 1.2 ಮಾತ್ರ. ಎಲ್ಲಕ್ಕೂ ಒಂದೇ ಗ್ಲಾಸ್ ನಡೆಯುತ್ತದೆ ಎನ್ನುವವರ ಹತ್ತಿರ ಎ2602ಗೇ ತರಿಸಿ ಎಂದು ಹಟಹಿಡಿಯಿರಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿನಿಂದ ತರಿಸುವುದಾದರೂ ಆರ್ಡರಿನಲ್ಲಿ ಮಾಡೆಲ್ ನಂಬರ್ ಬರೆದಿರಲಿ.

ಹೇಮಾವತಿ_ಎಚ್

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಸ್ಯಾಮ್‌ಸಂಗ್ ಟ್ಯಾಬ್ ಎಸ್6 ಲೈಟ್‌ಗೂ ಬರೀ ಗ್ಲಾಸ್ ಹಾಕಿಸಬಹುದಾ?

ಕೊಪ್ಪಳದ_ಬೆಂಚ್

ಇಲ್ಲ ಮೇಡಂ, ಅದರಲ್ಲಿ ಗ್ಲಾಸ್ ಡಿಸ್‌ಪ್ಲೇಗೆ ಅಂಟಿಕೊಂಡಿದೆ, ಫೋಲ್ಡರೇ ಹಾಕಬೇಕು. ಮಾಡೆಲ್ ನಂಬರ್ (ಪಿ610, ಪಿ615 ಇತ್ಯಾದಿ) ನೋಡಿ ಹೇಳಿ. ಎಸ್ ಪೆನ್ ಗುರುತಿಸುವ ಹಾಳೆ ಡಿಸ್‌ಪ್ಲೇಯ ಹಿಂದೆ ಬೇರೆಯಾಗಿ ಇರುತ್ತದೆ. ಹೊಸ ಫೋಲ್ಡರಿನ ಜೊತೆ ಅದು ಬರುತ್ತದೋ, ಹಳೆಯದನ್ನೇ ಬಿಡಿಸಿ ಹಾಕುತ್ತಾರೋ ಮೊದಲೇ ಕೇಳಿ. ಬಿಡಿಸುವಾಗ ಮಡಚಿದರೆ ಪೆನ್ ಒಂದೊಂದು ಜಾಗದಲ್ಲಿ ಬರೆಯುವುದಿಲ್ಲ.

ತುಂಗಾತೀರ ಅವರಿಗೆ ಕೊನೆಯ ಎರಡು ಮಾತು. ಹೊಸ ಗ್ಲಾಸ್ ಹಾಕಿದ ಮೇಲೆ ಪರದೆ ತಾನಾಗಿಯೇ ಒತ್ತಿಕೊಳ್ಳುತ್ತಿದ್ದರೆ ಎಲ್ಲ ಸಲವೂ ಗ್ಲಾಸ್ ಕೆಟ್ಟದ್ದು ಅಂತಲ್ಲ. ಟಚ್ ಸ್ಟ್ರಿಪ್ ಮಡಚುವ ಜಾಗದಲ್ಲಿ ಲೋಹದ ಚೌಕಟ್ಟಿಗೆ ತಾಗಿದರೂ ಹಾಗೇ ಆಗುತ್ತದೆ. ಅಲ್ಲಿ ಕರೆಂಟ್ ಹರಿಯಬಿಡದ ಹಳದಿ ಕ್ಯಾಪ್ಟಾನ್ ಟೇಪ್ ಒಂದು ತುಂಡು ಹಚ್ಚಿದರೆ ನಿಲ್ಲುತ್ತದೆ. ಅಂಗಡಿಯಲ್ಲೇ ಚಾರ್ಜರ್ ಹಾಕಿಯೂ ಒಮ್ಮೆ, ತೆಗೆದೂ ಒಮ್ಮೆ ಐಕಾನ್ ಓಡಾಡಿಸಿ ನೋಡಿ.

ಅಂಟಿಸಲು ಮಾಡೆಲ್‌ಗೆ ಕತ್ತರಿಸಿದ ಡಬಲ್ ಟೇಪ್ ಬಳಸುತ್ತಾರಾ ಕೇಳಿ. ಬಿ7000 ಗಮ್ ಹಚ್ಚಿದರೆ ಒತ್ತಿದಾಗ ಒಳಗೆ ಹರಿದು ಹೋಮ್ ಬಟನ್ ಸುತ್ತ, ಎಲ್‌ಸಿಡಿ ಅಂಚಿಗೆ ಸೇರುತ್ತದೆ, ಮುಂದೆ ಬಿಚ್ಚುವವರಿಗೆ ಕಷ್ಟ. ಗಮ್ಮೇ ಹಾಕಿದರೆ ಪೂರ್ತಿ ಗಟ್ಟಿಯಾಗಲು 24ರಿಂದ 48 ಗಂಟೆ ಬೇಕು. ಆವರೆಗೆ ಮಗಳ ಕೈಗೆ ಕೊಡಬೇಡಿ, ಚಪ್ಪಟೆಯಾಗಿ ಇಟ್ಟಿರಿ, ಕವರ್ ಹಾಕಬೇಡಿ. ಮುಚ್ಚುವ ಮುಂಚೆ ಎಲ್‌ಸಿಡಿ ಮೇಲಿನ ಧೂಳು ಊದಿ ತೆಗೆದಿದ್ದಾರೆಯೇ ಎಂದು ಕಪ್ಪು ಚಿತ್ರ ತೆರೆಸಿ ನೋಡಿಕೊಳ್ಳಿ. ಒಳಗೆ ಉಳಿದ ಬೆರಳಗುರುತು ಹೊರಗಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ.